ಐದು ಭುಜದ ತಕರಾರು

ರಟ್ಟಿನಲ್ಲಿ ಒಂದು ಚತುರ್ಭುಜ ಕತ್ತರಿಸಿ. ಅಳತೆ ಬೇಡ, ಸೊಟ್ಟಗಿದ್ದಷ್ಟೂ ಒಳ್ಳೆಯದು. ಅದರ ಪಡಿಯಚ್ಚಿನಂಥ ಹತ್ತಿಪ್ಪತ್ತು ತುಂಡು ಮಾಡಿಕೊಂಡರೆ, ಎಲ್ಲೂ ಸಂದು ಬಿಡದೆ, ಒಂದರ ಮೇಲೊಂದು ಏರದಂತೆ ಮೇಜನ್ನೆಲ್ಲ ಮುಚ್ಚಬಹುದು. ಯಾವುದಾದರೂ ಬದಿಯ ನಡುಬಿಂದುವಿನ ಸುತ್ತ ತುಂಡನ್ನು ಅರ್ಧ ಸುತ್ತು ತಿರುಗಿಸಿ. ಎರಡನೆಯ ತುಂಡು ಕೂರಬೇಕಾದ ಜಾಗ ಅದೇ. ಹೀಗೇ ಮುಂದುವರಿದರೆ ಪ್ರತಿ ಮೂಲೆಯಲ್ಲೂ ಚತುರ್ಭುಜದ ನಾಲ್ಕು ಕೋನಗಳೂ ಒಂದೊಂದು ಸಲ ಬಂದು ಸೇರುತ್ತವೆ. ಅವುಗಳ ಮೊತ್ತ 360 ಡಿಗ್ರಿ, ಅಂದರೆ ಸರಿಯಾಗಿ ಒಂದು ಪೂರ್ತಿ ಸುತ್ತು. ತ್ರಿಭುಜದ್ದು ಇನ್ನೂ ಸುಲಭ: ಎರಡನ್ನು ಕೂಡಿಸಿದರೆ ಸಮಾಂತರ ಚತುರ್ಭುಜ, ಅಲ್ಲಿಗೆ ಮುಗಿಯಿತು.

ಏಳು ಅಥವಾ ಹೆಚ್ಚು ಭುಜಗಳಿದ್ದರೆ ಉತ್ತರ ಅಷ್ಟೇ ಸ್ಪಷ್ಟ: ಆಗುವುದಿಲ್ಲ. ಒಳಕ್ಕೆ ತಗ್ಗಿಲ್ಲದ, ಅಂದರೆ ಪೀನ ಬಹುಭುಜಗಳ ಮಾತು ಇದು. ಅಂಥ ಆಕೃತಿಯ ಪ್ರತಿ ಕೋನವೂ 180 ಡಿಗ್ರಿಗಿಂತ ಕಡಿಮೆ. ಹಾಗಾಗಿ ಮೂಲೆಗಳು ಕೂಡುವಲ್ಲಿ 360 ಡಿಗ್ರಿ ತುಂಬಲು ಮೂರಾದರೂ ಕೋನ ಬೇಕು; ಸರಾಸರಿ ಕೋನ 120 ದಾಟುವಂತಿಲ್ಲ. ಸಪ್ತಭುಜದ ಕೋನಗಳ ಮೊತ್ತ 900, ಸರಾಸರಿ 128ಕ್ಕೂ ಮೇಲೆ. ಷಡ್ಭುಜದಲ್ಲಿ ಸರಾಸರಿ ಸರಿಯಾಗಿ 120. ಅಲ್ಲಿ ಮೂರೇ ಬಗೆಗಳು ಕೂರುತ್ತವೆ ಎಂದು ಜರ್ಮನಿಯ ಕಾರ್ಲ್ ರೈನ್‌ಹಾರ್ಟ್ 1918ರಲ್ಲೇ ತೋರಿಸಿದ್ದ.

ಉಳಿದದ್ದು ಐದು. ತಕರಾರೆಲ್ಲ ಅಲ್ಲೇ.

ನಿಯಮಿತ ಪಂಚಭುಜದ ಕೋನ 108 ಡಿಗ್ರಿ. ಮೂರನ್ನು ಸೇರಿಸಿದರೆ 324. 36 ಡಿಗ್ರಿಯ ಸೀಳು ಉಳಿಯುತ್ತದೆ, ಅದರಲ್ಲಿ ನಾಲ್ಕನೆಯದು ತೂರುವುದಿಲ್ಲ. ಆದರೆ ಐದೂ ಭುಜ ಸಮವಿರಬೇಕೆಂಬ ನಿಯಮವೇನಿಲ್ಲವಲ್ಲ! ಮಕ್ಕಳು ಬರೆಯುವ ಮನೆಯ ಚಿತ್ರವೂ ಪಂಚಭುಜವೇ: ನೇರ ಗೋಡೆ ಎರಡು, ಮೇಲೆ ಮಾಡಿನ ಇಳಿಜಾರು. ಅವನ್ನು ಸಾಲಾಗಿ ನಿಲ್ಲಿಸಿ, ಮೇಲಿನ ಕಣಿವೆಗಳಿಗೆ ಇನ್ನೊಂದು ಸಾಲನ್ನು ತಲೆಕೆಳಗಾಗಿ ಇಳಿಸಿದರೆ ಒಂದು ಪಟ್ಟಿ ಸಿದ್ಧ. ಪಟ್ಟಿಯ ಮೇಲೆ ಪಟ್ಟಿ ಜೋಡಿಸುತ್ತಾ ಹೋಗಬಹುದು. ಕೈರೋ ನಗರದ ಕಾಲುದಾರಿಗಳಲ್ಲಿ ಇದಕ್ಕಿಂತ ಚೆಲುವಾದ ಪಂಚಭುಜದ ಹಾಸು ಇದೆ. ಅದನ್ನು ಎರಡು 90, ಮೂರು 120 ಡಿಗ್ರಿ ಕೋನಗಳ ಕಲ್ಲಿನಿಂದ ಹಾಸಬಹುದು: ಕೆಲವು ಮೂಲೆಗಳಲ್ಲಿ ನಾಲ್ಕು ಲಂಬಕೋನಗಳು, ಉಳಿದವುಗಳಲ್ಲಿ ಮೂರು 120ಗಳು ಕೂಡುತ್ತವೆ.

ಇಂಥವು ಒಟ್ಟು ಎಷ್ಟು ಬಗೆ? ರೈನ್‌ಹಾರ್ಟ್ ಐದು ಬಗೆ ಕೊಟ್ಟ. ಐವತ್ತು ವರ್ಷ ಯಾರೂ ಅದರಾಚೆ ಹೋಗಲಿಲ್ಲ. 1968ರಲ್ಲಿ ಅಮೆರಿಕದ ರಿಚರ್ಡ್ ಕರ್ಶ್ನರ್ ಇನ್ನೂ ಮೂರು ಸೇರಿಸಿ, ಎಂಟಕ್ಕೆ ಪಟ್ಟಿ ಪೂರ್ಣವಾಯಿತು ಎಂದು ಸಾರಿದರು. ಪುರಾವೆ ಬಲು ಉದ್ದ ಎಂದು ಅದನ್ನು ಅಚ್ಚು ಹಾಕಿಸಲಿಲ್ಲ. ಗಣಿತದಲ್ಲಿ ಇಂಥ ಮಾತು ಕೇಳಿದಾಗ ಸ್ವಲ್ಪ ಅನುಮಾನ ಪಡುವುದು ಕ್ಷೇಮ. 1975ರ ಜುಲೈಯಲ್ಲಿ ಗಣಿತ ಲೇಖಕ ಮಾರ್ಟಿನ್ ಗಾರ್ಡ್ನರ್ ‘ಸೈಂಟಿಫಿಕ್ ಅಮೆರಿಕನ್’ ಪತ್ರಿಕೆಯ ತಮ್ಮ ಜನಪ್ರಿಯ ಅಂಕಣದಲ್ಲಿ ಈ ಎಂಟನ್ನೂ ವಿವರಿಸಿದ್ದೇ ತಡ, ಓದುಗ ರಿಚರ್ಡ್ ಜೇಮ್ಸ್ ಒಂಬತ್ತನೆಯದನ್ನು ಕಳಿಸಿದರು.

ಆ ಸುದ್ದಿ ಓದಿದವರಲ್ಲಿ ಸ್ಯಾನ್ ಡಿಯಾಗೋದ ಮಾರ್ಜರಿ ರೈಸ್ ಒಬ್ಬರು. ಐದು ಮಕ್ಕಳ ತಾಯಿ, ಗಣಿತ ಕಲಿತದ್ದು ಹೈಸ್ಕೂಲಿನವರೆಗೆ; ಪತ್ರಿಕೆ ಬರುತ್ತಿದ್ದದ್ದು ಮಗನಿಗಾಗಿ. ಅಡುಗೆಮನೆಯ ಕಟ್ಟೆಯ ಮೇಲೆ ಚಿತ್ರ ಬರೆಯುವರು, ಯಾರಾದರೂ ಒಳಗೆ ಬಂದರೆ ಮುಚ್ಚಿಡುವರು. ಗಣಿತಜ್ಞರ ಸಂಕೇತಗಳು ಗೊತ್ತಿಲ್ಲದ್ದರಿಂದ ಯಾವ ಕೋನ ಯಾವುದರೊಡನೆ ಕೂಡಬಹುದು ಎಂದು ಗುರುತಿಟ್ಟುಕೊಳ್ಳಲು ತಮ್ಮದೇ ಚಿಹ್ನೆಗಳನ್ನು ಕಟ್ಟಿಕೊಂಡರು. ಅವರ ಚಿತ್ರಗಳು ಗಾರ್ಡ್ನರ್ ಮೂಲಕ ಗಣಿತಜ್ಞೆ ಡೋರಿಸ್ ಶಾಟ್‌ಶ್ನೈಡರ್ ಕೈಸೇರಿದವು. ಮೊದಮೊದಲು ಆ ಚಿಹ್ನೆಗಳು ಶಾಟ್‌ಶ್ನೈಡರ್‌ಗೆ ಒಗಟಿನಂತೆ ಕಂಡವಂತೆ, ಆದರೆ ಲೆಕ್ಕ ಸರಿಯಿತ್ತು. 1977ರ ಹೊತ್ತಿಗೆ ರೈಸ್ ನಾಲ್ಕು ಹೊಸ ಬಗೆ ಕಂಡುಹಿಡಿದಿದ್ದರು. ಇಡೀ ಕಥೆಯಲ್ಲಿ ನನಗೆ ಹೆಚ್ಚು ಹಿಡಿಸಿದ್ದು ಅವರ ಅದೃಷ್ಟವಲ್ಲ, ಶಿಸ್ತು. ಅದು ಕೈಗೆ ಸಿಕ್ಕಿದ್ದನ್ನು ಜೋಡಿಸಿ ನೋಡುವ ಆಟವಾಗಿರಲಿಲ್ಲ. ಸಾಧ್ಯತೆಗಳನ್ನು ಒಂದೊಂದಾಗಿ ಸೋಸುವ ಕ್ರಮವಿತ್ತು. ಅವರ ಒಂದು ವಿನ್ಯಾಸವನ್ನು ಮುಂದೆ ವಾಷಿಂಗ್ಟನ್ನಿನಲ್ಲಿರುವ ಅಮೆರಿಕದ ಗಣಿತ ಸಂಘದ ಕಚೇರಿಯಲ್ಲಿ ನೆಲಹಾಸಾಗಿಯೇ ಹಾಕಿದರು.

1985ರಲ್ಲಿ ರಾಲ್ಫ್ ಸ್ಟೈನ್ ಹದಿನಾಲ್ಕನೆಯದನ್ನು ಕಂಡರು. ಹದಿನೈದನೆಯದು 2015ರಲ್ಲಿ, ಕಂಪ್ಯೂಟರಿನ ಶೋಧದಿಂದ. ಎರಡು ವರ್ಷದ ಬಳಿಕ ಫ್ರಾನ್ಸಿನ ಮೈಕೆಲ್ ರಾವ್ ಈ ಪಟ್ಟಿಗೆ ಕೊನೆಗೆರೆ ಎಳೆದರು. ಮೂಲೆಗಳಲ್ಲಿ ಕೋನಗಳು ಕೂಡಬಹುದಾದ ರೀತಿಗಳನ್ನು 371 ಸಂದರ್ಭಗಳಿಗೆ ಇಳಿಸಿ, ಪ್ರತಿಯೊಂದನ್ನೂ ಕಂಪ್ಯೂಟರಿನಿಂದ ಪರೀಕ್ಷಿಸಿದಾಗ ಹದಿನಾರನೆಯದು ಸಿಗಲಿಲ್ಲ. ಅದೇ ಬೀಸಿನಲ್ಲಿ ಇನ್ನೊಂದು ಸಂಗತಿಯೂ ಹೊರಬಿತ್ತು: ನೆಲ ಮುಚ್ಚಬಲ್ಲ ಪೀನ ಬಹುಭುಜ ಯಾವುದೇ ಇರಲಿ, ಒಂದೇ ನಮೂನೆಯನ್ನು ಮರಳಿ ಮರಳಿ ಹಾಕಿಯೂ ಅದು ನೆಲ ಮುಚ್ಚಬಲ್ಲದು.

ನಮೂನೆ ಮರುಕಳಿಸಲು ಬಿಡದೇ ನೆಲ ಮುಚ್ಚುವ ಒಂಟಿ ಆಕೃತಿ ಬೇಕಿದ್ದರೆ ತಗ್ಗುಗಳಿರುವ ಆಕೃತಿಗಳಲ್ಲೇ ಹುಡುಕಬೇಕಿತ್ತು. 2022ರ ಕೊನೆಯಲ್ಲಿ ಅದೂ ಸಿಕ್ಕಿತು, ಮತ್ತೆ ಒಬ್ಬ ಹವ್ಯಾಸಿಗೆ: ಇಂಗ್ಲೆಂಡಿನ ನಿವೃತ್ತ ಮುದ್ರಣ ತಂತ್ರಜ್ಞ ಡೇವಿಡ್ ಸ್ಮಿತ್‌ಗೆ. ಅವರು ರಟ್ಟಿನಲ್ಲಿ ಕತ್ತರಿಸಿ ನೋಡಿದ ಹದಿಮೂರು ಭುಜದ ಆ ‘ಹ್ಯಾಟ್’ ನಿಜಕ್ಕೂ ಮರುಕಳಿಸದು ಎಂದು ಮೂವರು ಸಂಶೋಧಕರ ಜೊತೆಗೂಡಿ 2023ರ ಮಾರ್ಚ್‌ನಲ್ಲಿ ಸಾಧಿಸಿ ತೋರಿಸಿದರು. ಕೆಲವು ತುಂಡುಗಳನ್ನು ಮಗುಚಿ ಹಾಕಬೇಕಲ್ಲ, ಹಾಗಾದರೆ ಇದು ಒಂದೇ ಆಕೃತಿ ಹೇಗಾದೀತು ಎಂದು ಕೆಲವರು ಕೊಂಕು ತೆಗೆದರು. ಮೇ ತಿಂಗಳಲ್ಲಿ ಅದೇ ನಾಲ್ವರು ಮಗುಚುವ ಅಗತ್ಯವೇ ಇಲ್ಲದ ಇನ್ನೊಂದು ಆಕೃತಿಯನ್ನು ಮುಂದಿಟ್ಟರು.