ಚೆರುವತ್ತೂರಿನ ಬೆಂಕಿಬಳೆ, ಬೇಕಲದ ಗುಂಡು

2019ರ ಡಿಸೆಂಬರ್ 26ರಂದು ಕಾಸರಗೋಡು ಜಿಲ್ಲೆಯ ಚೆರುವತ್ತೂರಿನಲ್ಲಿ ಬೆಳಿಗ್ಗೆಯೇ ಜನ ಸೇರಿದ್ದರು. ಒಂಬತ್ತೂವರೆ ಹೊತ್ತಿಗೆ ಚಂದ್ರ ಸೂರ್ಯನ ನಟ್ಟನಡುವೆ ಬಂದ. ಆದರೆ ಪೂರ್ತಿ ಮುಚ್ಚಲಿಲ್ಲ. ಸುಮಾರು ಮೂರು ನಿಮಿಷ ಸುತ್ತಲೂ ಬೆಂಕಿಬಳೆ ಉಳಿಯಿತು. ಕಂಕಣ ಗ್ರಹಣ.

ಇದಕ್ಕೆ ಸಾಮಾನ್ಯವಾಗಿ ಕೊಡುವ ಕಾರಣ, ಚಂದ್ರ ದೂರ ಇದ್ದ, ಚಿಕ್ಕದಾಗಿ ಕಂಡ ಅಂತ. ಆ ದಿನದ ಮಟ್ಟಿಗೆ ಇದು ಅರ್ಧ ಉತ್ತರ ಅಷ್ಟೇ. ಚಂದ್ರ ಒಂದು ವಾರದ ಹಿಂದೆ ನಮಗೆ ತೀರಾ ಹತ್ತಿರವಿದ್ದ, ಇನ್ನೊಂದು ವಾರಕ್ಕೆ ತೀರಾ ದೂರ ಹೋಗುವವನಿದ್ದ. ಅಂದು ಇದ್ದದ್ದು ನಡುವಿನ ದೂರದಲ್ಲಿ. ಉಳಿದರ್ಧ ಉತ್ತರ ಇರುವುದು ಭೂಮಿಯ ಹತ್ತಿರ. ಪ್ರತಿ ಜನವರಿಯ ಮೊದಲ ವಾರದಲ್ಲಿ ಭೂಮಿ ಸೂರ್ಯನಿಂದ 14.7 ಕೋಟಿ ಕಿಲೋಮೀಟರಿಗೆ ಬರುತ್ತದೆ, ಜುಲೈಯಲ್ಲಿ 15.2 ಕೋಟಿಗೆ ಸರಿಯುತ್ತದೆ. ಹಾಗಾಗಿ ಡಿಸೆಂಬರ್ ಕೊನೆಯಲ್ಲಿ ಸೂರ್ಯ ಒಂದಿಷ್ಟು ದೊಡ್ಡದಾಗಿಯೇ ಕಾಣುತ್ತದೆ. ಚಂದ್ರನ ದಾರಿಯೂ ಸರಿಯಾದ ವೃತ್ತ ಅಲ್ಲ, ನಮ್ಮ ದಾರಿಯೂ ಅಲ್ಲ. ಶಾಲೆಯಲ್ಲಿ ಕಂಪಾಸ್ ಇಟ್ಟು ಗೀಚಿದ ಆ ಚಂದದ ವೃತ್ತಗಳನ್ನು ಸ್ವಲ್ಪ ಮರೆಯಬೇಕು.

ಅದಿರಲಿ, ಚಂದ್ರ ಸುತ್ತುವುದಾದರೂ ಯಾಕೆ? ಭೂಮಿ ಎಳೆಯುತ್ತಿದೆ ಅಂದಮೇಲೆ ಬೀಳಬೇಕಲ್ವಾ?

ಬೀಳುತ್ತಲೇ ಇದ್ದಾನೆ. ಮರದ ತುದಿಯಿಂದ ಕಳಚಿದ ಹಣ್ಣಡಿಕೆ ಮೊದಲ ಸೆಕೆಂಡಿನಲ್ಲಿ 4.9 ಮೀಟರ್ ಕೆಳಗೆ ಬರುತ್ತದೆ. ಭೂಮಿಯ ಕೇಂದ್ರದಿಂದ ಅಡಿಕೆ ಎಷ್ಟು ದೂರವೋ ಅದರ 60 ಪಾಲು ದೂರದಲ್ಲಿ ಚಂದ್ರ ಇದ್ದಾನೆ. ದೂರ 60 ಪಟ್ಟಾದರೆ ಸೆಳೆತ 60ರ ವರ್ಗದಷ್ಟು, ಅಂದರೆ 3,600 ಪಾಲು ಕಡಿಮೆ. 4.9 ಮೀಟರನ್ನು 3,600ರಿಂದ ಭಾಗಿಸಿ ನೋಡಿ, ಸುಮಾರು 1.4 ಮಿಲಿಮೀಟರ್ ಬರುತ್ತದೆ. ಒಂದು ಸೆಕೆಂಡಿನಲ್ಲಿ ಚಂದ್ರ ನಮ್ಮ ಕಡೆಗೆ ಬೀಳುವುದು ಅಷ್ಟು. ಅದೇ ಸೆಕೆಂಡಿನಲ್ಲಿ ಅವನು ಪಕ್ಕಕ್ಕೆ ಒಂದು ಕಿಲೋಮೀಟರ್ ಓಡಿರುತ್ತಾನೆ! ಈ ಓಟವೇ ಅವನನ್ನು ಕಾಪಾಡುವುದು. ಹಿಂದಿನಿಂದ ಯಾರೂ ತಳ್ಳುತ್ತಿಲ್ಲ. ಅಲ್ಲಿ ತಡೆಯಲು ಗಾಳಿಯಿಲ್ಲ, ಅದಕ್ಕೇ ಓಟ ನಿಂತುಹೋಗಿಲ್ಲ.

ಇದನ್ನು ಮನಸ್ಸಿಗೆ ತಂದುಕೊಳ್ಳಲು ನ್ಯೂಟನ್ ಒಂದು ಎತ್ತರದ ಬೆಟ್ಟದ ಮೇಲೆ ಫಿರಂಗಿ ಇಟ್ಟು ಯೋಚಿಸಿದ. ನಾವು ಬೇಕಲ ಕೋಟೆಯ ಮೇಲೇ ಇಡೋಣ. ಹೇಗೂ ಕೆಳದಿಯ ಶಿವಪ್ಪ ನಾಯಕ ಕಟ್ಟಿಸಿದ್ದು, ನ್ಯೂಟನ್‌ನ ಕಾಲದ್ದೇ. ಪಡುವಣ ಕಡಲಿಗೆ ನೇರ ಗುರಿಯಿಟ್ಟು ಗುಂಡು ಹಾರಿಸಿದರೆ ಅದು ಬಾಗಿ ನೀರಿಗೆ ಬೀಳುತ್ತದೆ. ಮದ್ದು ಜಾಸ್ತಿ ಹಾಕಿದರೆ ಇನ್ನೂ ದೂರ ಹೋಗಿ ಬೀಳುತ್ತದೆ. ಆದರೆ ಕಡಲೂ ಚಪ್ಪಟೆಯಲ್ಲ. ಪ್ರತಿ 8 ಕಿಲೋಮೀಟರಿಗೆ ಸುಮಾರು 5 ಮೀಟರ್ ಕೆಳಕ್ಕೆ ಬಾಗುತ್ತದೆ. ಗುಂಡು ಸೆಕೆಂಡಿಗೆ 8 ಕಿಲೋಮೀಟರ್ ಓಡಿದರೆ, ಅದು ಎಷ್ಟು ಬೀಳುತ್ತದೋ ನೀರೂ ಅಷ್ಟೇ ಕೆಳಗೆ ಸರಿದಿರುತ್ತದೆ. ಗುಂಡು ನೀರು ಮುಟ್ಟುವುದೇ ಇಲ್ಲ. ಗಾಳಿ ಇಲ್ಲ, ಬೆಟ್ಟಗಳು ಅಡ್ಡ ಇಲ್ಲ, ಭೂಮಿ ತಿರುಗುವುದೂ ಇಲ್ಲ ಅಂದುಕೊಂಡರೆ, ಸುಮಾರು 84 ನಿಮಿಷಕ್ಕೆ ಘಟ್ಟದ ಕಡೆಯಿಂದ ಬಂದು ಫಿರಂಗಿಗೇ ಹಿಂದಿನಿಂದ ಬಡಿಯುತ್ತದೆ. ಗುಂಡು ಹಾರಿಸಿದವನು ತಲೆ ತಗ್ಗಿಸುವುದು ಒಳ್ಳೆಯದು.

ಈಗ ವೇಗವನ್ನು ಒಂಚೂರು ಹೆಚ್ಚಿಸಿ. ಗುಂಡು ಭೂಮಿಯ ಆ ಬದಿಗೆ ಹೋಗುವಾಗ ಮೇಲಕ್ಕೆ ಏರುತ್ತದೆ, ಏರಿದಂತೆ ನಿಧಾನವಾಗುತ್ತದೆ, ಆಮೇಲೆ ಮತ್ತೆ ಕೆಳಗಿಳಿಯುತ್ತಾ ವೇಗ ಪಡೆಯುತ್ತದೆ. ದಾರಿ ಮೊಟ್ಟೆಯಾಕಾರಕ್ಕೆ ಎಳೆದುಕೊಳ್ಳುತ್ತದೆ. ಸೆಕೆಂಡಿಗೆ 11.2 ಕಿಲೋಮೀಟರ್ ದಾಟಿದರೆ ಅದು ಮರಳಿ ಬರುವುದೇ ಇಲ್ಲ. ವೃತ್ತ ಬೇಕೆಂದರೆ ವೇಗ, ದಿಕ್ಕು ಎರಡೂ ಕರಾರುವಾಕ್ಕಾಗಿ ಕೂಡಿ ಬರಬೇಕು. ಒಂಚೂರು ಆಚೀಚೆ ಆದರೂ ದೀರ್ಘವೃತ್ತವೇ. ಮಂಗಳ ಗ್ರಹದ ದಾರಿ ಇಂಥದ್ದೆಂದು ಖಗೋಳ ವಿಜ್ಞಾನಿ ಕೆಪ್ಲರ್ 1609ರಲ್ಲೇ ಹೇಳಿದ್ದ, ಕಾರಣ ಸಿಕ್ಕಿದ್ದು 1687ರಲ್ಲಿ, ನ್ಯೂಟನ್‌ನಿಂದ. ಭೂಮಿಯೂ ಹೀಗೆಯೇ ಜನವರಿಯಲ್ಲಿ ಸೆಕೆಂಡಿಗೆ 30.3 ಕಿಲೋಮೀಟರ್ ಓಡಿದರೆ ಜುಲೈಯಲ್ಲಿ 29.3ಕ್ಕೆ ಇಳಿಯುತ್ತದೆ.

ಇನ್ನೊಂದು ಮಾತು. ಭೂಮಿ ಚಂದ್ರನನ್ನು ಎಷ್ಟು ಎಳೆಯುತ್ತದೋ ಚಂದ್ರನೂ ಭೂಮಿಯನ್ನು ಅಷ್ಟೇ ಎಳೆಯುತ್ತಾನೆ. ಆದ್ದರಿಂದ ಭೂಮಿ ಸುಮ್ನೆ ನಿಂತಿಲ್ಲ. ಇಬ್ಬರೂ ಒಂದು ನಡುಬಿಂದುವನ್ನು ಸುತ್ತುತ್ತಾರೆ. ಭೂಮಿಗೆ ತೂಕ ಜಾಸ್ತಿ, ಹಾಗಾಗಿ ಆ ಬಿಂದು ಭೂಮಿಯ ಹೊಟ್ಟೆಯೊಳಗೇ ಇದೆ. ಚಂದ್ರ ನೆತ್ತಿಯ ಮೇಲಿದ್ದಾಗ ನಮ್ಮ ಕಾಲಡಿ ಸುಮಾರು 1,700 ಕಿಲೋಮೀಟರ್ ಆಳದಲ್ಲಿ. ಪ್ಲೂಟೊ ಮತ್ತು ಅದರ ದೊಡ್ಡ ಚಂದ್ರ ಶರಾನ್ ಕತೆ ಬೇರೆ. ಅವುಗಳ ನಡುಬಿಂದು ಪ್ಲೂಟೊದ ಹೊರಗೆ, ಖಾಲಿ ಜಾಗದಲ್ಲಿದೆ. 6.4 ದಿನಕ್ಕೊಮ್ಮೆ ಎರಡೂ ಅದನ್ನು ಸುತ್ತಿ ಬರುತ್ತವೆ, ಒಂದರ ಮುಖ ಇನ್ನೊಂದರಿಂದ ತಿರುಗುವುದೇ ಇಲ್ಲ. ಅಲ್ಲಿ ಯಾರು ಯಾರನ್ನು ಸುತ್ತುತ್ತಿದ್ದಾರೆ ಅಂತ ಕೇಳಿದರೆ, ಇಬ್ಬರ ಹೆಸರನ್ನೂ ಹೇಳಬೇಕಾಗುತ್ತದೆ.