ವಾಯುಪಡೆಯ ಪೈಲಟ್ ತರಬೇತಿಯಲ್ಲಿ ಪದವಿಯ ವಿಷಯಕ್ಕೆ ಎಷ್ಟು ತೂಕ?

ವಾಯುಪಡೆಗೆ ಅಧಿಕಾರಿಗಳನ್ನು ಆರಿಸುವ ಎಎಫ್‌ಕ್ಯಾಟ್ ಪರೀಕ್ಷೆಗೆ ಸಿದ್ಧರಾಗುತ್ತಿರುವ ನಮ್ಮಲ್ಲಿ ಬಿಎ, ಬಿಕಾಂ ಓದಿದವರನ್ನು ಒಂದು ಪ್ರಶ್ನೆ ಬಿಡದೆ ಕಾಡುತ್ತದೆ: ಪೈಲಟ್‌ಗಳಿಗೆ ತರಬೇತಿ ಕೊಡುವ ದುಂಡಿಗಲ್‌ನ ವಾಯುಪಡೆ ಅಕಾಡೆಮಿಯಲ್ಲಿ ಎಂಜಿನಿಯರಿಂಗ್ ಪದವೀಧರರ ಸರಿಸಮಕ್ಕೆ ನಿಲ್ಲಲು ಸಾಧ್ಯವೇ? ಮೊದಲು ನಿಯಮವನ್ನು ನೋಡೋಣ. ಹಾರಾಟ ಶಾಖೆಗೆ ಯಾವುದೇ ವಿಷಯದಲ್ಲಿ ಕನಿಷ್ಠ ಮೂರು ವರ್ಷದ ಪದವಿಯನ್ನು ಶೇ 60 ಅಂಕಗಳೊಂದಿಗೆ ಪಡೆದಿದ್ದರೆ ಸಾಕು. ಆದರೆ ಹಾಗೆ ಬರುವವರು ದ್ವಿತೀಯ ಪಿಯುಸಿಯಲ್ಲಿ ಗಣಿತ ಮತ್ತು ಭೌತವಿಜ್ಞಾನ ಓದಿರಲೇಬೇಕು. ಅಂದರೆ ಬಾಗಿಲು ತೆರೆಯುವುದೋ ಮುಚ್ಚುವುದೋ ಎಂಬುದು ಪದವಿ ಕಾಲೇಜಿನಲ್ಲಲ್ಲ, ಹದಿನಾರನೆಯ ವಯಸ್ಸಿನಲ್ಲಿ ಪಿಯುಸಿ ಅರ್ಜಿಯಲ್ಲಿ ಬರೆಯುವ ಕಾಂಬಿನೇಷನ್‌ನಲ್ಲೇ ತೀರ್ಮಾನವಾಗುತ್ತದೆ. ಪಿಯುಸಿಯಲ್ಲಿ ಪಿಸಿಎಂ (ಭೌತವಿಜ್ಞಾನ, ರಸಾಯನವಿಜ್ಞಾನ, ಗಣಿತ) ಮುಗಿಸಿ ಮುಂದೆ ಇತಿಹಾಸದಲ್ಲಿ ಬಿಎ ಮಾಡಿದವರಿಗೆ ಅವಕಾಶವಿದೆ. ವಾಣಿಜ್ಯ ವಿಭಾಗ ಆರಿಸಿಕೊಂಡು ಭೌತವಿಜ್ಞಾನ ಬಿಟ್ಟವರಿಗೆ, ಬಿಕಾಂನಲ್ಲಿ ಎಷ್ಟೇ ಅಂಕ ಬಂದಿದ್ದರೂ, ಈ ದಾರಿಯಿಲ್ಲ. ಇದನ್ನು ಯಾರೂ ಸಕಾಲಕ್ಕೆ ಹೇಳದಿರುವುದರಿಂದ ಆಸೆಯಿದ್ದ ಎಷ್ಟೋ ಮಕ್ಕಳು ತಿಳಿಯದೆಯೇ ಹೊರಗುಳಿಯುತ್ತಾರೆ ಎಂಬುದು ನನಗೆ ನಿಜವಾಗಿಯೂ ನೋವಿನ ಸಂಗತಿ.

ತರಬೇತಿಯ ಆರಂಭದಲ್ಲಿ ತರಗತಿಯ ಪಾಠಗಳಿರುತ್ತವೆ: ವಾಯುಚಲನೆ, ಎಂಜಿನ್, ಹವಾಮಾನ, ದಿಕ್ಕು ನಿರ್ಣಯ. ಇಲ್ಲಿ ವಿಜ್ಞಾನ ಓದಿದವರು ಕೆಲವು ವಾರಗಳ ಮಟ್ಟಿಗೆ ಮುಂದಿರುತ್ತಾರೆ ಎನ್ನುವುದನ್ನು ಒಪ್ಪಬೇಕು. ಆ ಅಂತರ ಎಷ್ಟರದು ಎಂದು ತಿಳಿಯಲು ಎರಡು ಲೆಕ್ಕಗಳನ್ನು ಮಾಡಿ ನೋಡೋಣ.

ಮೊದಲನೆಯದು ದಿಕ್ಕು ನಿರ್ಣಯದ ‘ಅರವತ್ತಕ್ಕೆ ಒಂದು’ ಎಂಬ ಸೂತ್ರ. ಅರವತ್ತು ಮೈಲು ಸಾಗಿದಾಗ ಒಂದು ಮೈಲು ಪಕ್ಕಕ್ಕೆ ಸರಿದಿದ್ದರೆ ನಮ್ಮ ದಿಕ್ಕು ಸುಮಾರು ಒಂದು ಡಿಗ್ರಿ ತಪ್ಪಿದೆ ಎಂದರ್ಥ. 30 ಮೈಲು ಹಾರಿದ ಮೇಲೆ 2 ಮೈಲು ಬಲಕ್ಕೆ ಸರಿದಿರುವುದು ಗೊತ್ತಾದರೆ ತಪ್ಪಿದ ಕೋನ 4 ಡಿಗ್ರಿ. ಇನ್ನು 60 ಮೈಲು ಉಳಿದಿದ್ದರೆ ಗುರಿಯನ್ನು ಸೇರಲು ಮತ್ತೆ 2 ಡಿಗ್ರಿ ಬೇಕು. ಒಟ್ಟು 6 ಡಿಗ್ರಿ ಎಡಕ್ಕೆ ತಿರುಗಬೇಕು. ಇದು ಮಾಧ್ಯಮಿಕ ಶಾಲೆಯ ಗಣಿತ. ಆದರೆ 180 ನಾಟ್ (ಗಂಟೆಗೆ 180 ನಾಟಿಕಲ್ ಮೈಲು) ವೇಗದಲ್ಲಿ, ಅಂದರೆ ನಿಮಿಷಕ್ಕೆ 3 ನಾಟಿಕಲ್ ಮೈಲಿನಂತೆ ಸಾಗುತ್ತಾ, ಎತ್ತರವನ್ನು ಕಾಯ್ದುಕೊಳ್ಳುತ್ತಾ, ರೇಡಿಯೊದಲ್ಲಿ ಉತ್ತರಿಸುತ್ತಾ ಇದನ್ನು ಬಾಯಿಲೆಕ್ಕದಲ್ಲಿ ಮಾಡಬೇಕು. ಎಂಎಸ್ಸಿ ಗಣಿತ ಓದಿದವರಿಗೂ ಈ ವೇಗ ತಾನಾಗಿ ಬರುವುದಿಲ್ಲ.

ಎರಡನೆಯದು ಸ್ಟಾಲ್. ರೆಕ್ಕೆಗೂ ಎದುರುಗಾಳಿಗೂ ನಡುವಿನ ಕೋನ ಒಂದು ಮಿತಿಯನ್ನು ಮೀರಿದಾಗ ಗಾಳಿ ರೆಕ್ಕೆಯ ಮೇಲ್ಮೈಯಿಂದ ಕಳಚಿಕೊಂಡು, ಮೇಲಕ್ಕೆತ್ತುವ ಬಲ ಕುಸಿಯುತ್ತದೆ. ಎಂಜಿನ್ ನಿಲ್ಲುವುದಕ್ಕೂ ಇದಕ್ಕೂ ಸಂಬಂಧವಿಲ್ಲ. ವಿಮಾನವನ್ನು 60 ಡಿಗ್ರಿ ವಾಲಿಸಿ, ಎತ್ತರ ಬಿಡದೆ ತಿರುಗಿಸಿದರೆ ರೆಕ್ಕೆಗಳು ವಿಮಾನದ ಎರಡರಷ್ಟು ತೂಕವನ್ನು ಹೊರಬೇಕಾಗುತ್ತದೆ. ಸ್ಟಾಲ್ ಆಗುವ ವೇಗ ಎರಡರ ವರ್ಗಮೂಲದಷ್ಟು, ಅಂದರೆ ಸುಮಾರು 1.41 ಪಟ್ಟು ಹೆಚ್ಚುತ್ತದೆ. ನೇರ ಹಾರಾಟದಲ್ಲಿ 80 ನಾಟ್‌ಗೆ ಸ್ಟಾಲ್ ಆಗುವ ವಿಮಾನ ಈ ತಿರುವಿನಲ್ಲಿ 113 ನಾಟ್‌ಗೇ ಸ್ಟಾಲ್ ಆಗುತ್ತದೆ. ಎಂಜಿನಿಯರ್ ಇದನ್ನು ಕಾಗದದ ಮೇಲೆ ಸಾಧಿಸಿ ತೋರಿಸಬಲ್ಲ. ತರಬೇತಿಯ ಪಿಲಾಟಸ್ ಪಿಸಿ-7 ವಿಮಾನದಲ್ಲಿ ಕುಳಿತಾಗ ಬೇಕಾಗುವುದು ಬೇರೆ: ಸ್ಟಾಲ್‌ಗೆ ಮುನ್ನ ವಿಮಾನ ನಡುಗುವುದನ್ನು ಮೈಯಿಂದಲೇ ಗುರುತಿಸಿ, ಹಿಂದಕ್ಕೆಳೆದ ನಿಯಂತ್ರಣ ಸ್ಟಿಕ್ಕನ್ನು ತಕ್ಷಣ ಸಡಿಲಿಸುವುದು. ಅದನ್ನು ಯಾವ ಪದವಿಯೂ ಕಲಿಸಿರುವುದಿಲ್ಲ. ಅಲ್ಲಿ ಎಲ್ಲರೂ ಹೊಸಬರೇ.

ಆಯ್ಕೆಯ ಹಂತದಲ್ಲಿಯೂ ಇದೇ ಮಾತು. ವಾಯುಪಡೆಯ ಅಭ್ಯರ್ಥಿಗಳನ್ನು ಪರೀಕ್ಷಿಸುವ ಮೈಸೂರಿನ ಆಯ್ಕೆ ಮಂಡಳಿಯ ಹೆಸರು ನಮಗೆಲ್ಲ ಪರಿಚಿತ. ಪೈಲಟ್ ಆಗಬಯಸುವವರು ಎದುರಿಸಬೇಕಾದ ಸಿಪಿಎಸ್‌ಎಸ್ ಎಂಬ ಕಂಪ್ಯೂಟರ್ ಆಧಾರಿತ ಪೈಲಟ್ ಆಯ್ಕೆ ಪರೀಕ್ಷೆ ಉಪಕರಣಗಳನ್ನು ಓದುವ ಚುರುಕನ್ನೂ ಕಣ್ಣು, ಕೈ, ಕಾಲುಗಳ ಹೊಂದಾಣಿಕೆಯನ್ನೂ ಅಳೆಯುತ್ತದೆ. ಅದರಲ್ಲಿ ಅನುತ್ತೀರ್ಣರಾದರೆ ಜೀವನದಲ್ಲಿ ಮತ್ತೊಂದು ಅವಕಾಶವಿಲ್ಲ.

2016ರ ಜೂನ್‌ನಲ್ಲಿ ವಾಯುಪಡೆಯ ಮೊದಲ ಮೂವರು ಮಹಿಳಾ ಫೈಟರ್ ಪೈಲಟ್‌ಗಳಲ್ಲಿ ಒಬ್ಬರಾಗಿ ಸೇರ್ಪಡೆಗೊಂಡ ಭಾವನಾ ಕಾಂತ್ ಓದಿದ್ದು ಬೆಂಗಳೂರಿನ ಬಿಎಂಎಸ್ ಎಂಜಿನಿಯರಿಂಗ್ ಕಾಲೇಜಿನಲ್ಲಿ, ವೈದ್ಯಕೀಯ ಎಲೆಕ್ಟ್ರಾನಿಕ್ಸ್. ಅವರೊಂದಿಗಿದ್ದ ಅವನಿ ಚತುರ್ವೇದಿ ಅವರದು ಕಂಪ್ಯೂಟರ್ ಸೈನ್ಸ್. ಇವರಿಬ್ಬರ ವಿಷಯಗಳೂ ವಿಮಾನಕ್ಕೆ ನೇರವಾಗಿ ಸಂಬಂಧಿಸಿದವಲ್ಲ. ಇಬ್ಬರೂ ಎಂಜಿನಿಯರ್‌ಗಳೇ ಆದ್ದರಿಂದ ಈ ಉದಾಹರಣೆಯನ್ನು ಕಲಾ ಪದವೀಧರರ ಪರವಾದ ಸಾಕ್ಷಿಯೆಂದು ಎಳೆಯಲಾಗದು; ಏರೋನಾಟಿಕಲ್ ಓದಿದರೆ ಮಾತ್ರ ಎಂಬ ನಂಬಿಕೆಯನ್ನು ಅದು ಬಿಡಿಸುತ್ತದೆ, ಅಷ್ಟೇ.

ಹಾಗಾಗಿ ಬಿಎ, ಬಿಕಾಂ ಓದಿರುವ ಗೆಳೆಯರು ಅಕಾಡೆಮಿಗೆ ಹೋಗುವ ಮೊದಲೇ ಪಿಯುಸಿ ಭೌತವಿಜ್ಞಾನದ ಬಲ, ಚಲನೆ, ಒತ್ತಡದ ಅಧ್ಯಾಯಗಳನ್ನು ಮತ್ತೆ ಓದಿಕೊಳ್ಳಲಿ, ದಿನವೂ ಬಾಯಿಲೆಕ್ಕ ಮಾಡಲಿ. ಎಂಜಿನಿಯರಿಂಗ್ ಓದಿದವರು ತುರ್ತು ಸಂದರ್ಭದ ಕ್ರಮಗಳನ್ನು ಪದಶಃ ಬಾಯಿಪಾಠ ಮಾಡುವುದನ್ನು ಕೀಳೆಂದು ಭಾವಿಸದಿರಲಿ. ಎಂಜಿನ್ ಕೈಕೊಟ್ಟಾಗ ತರ್ಕಿಸಿ ಉತ್ತರ ಹುಡುಕಲು ಸಮಯವಿರುವುದಿಲ್ಲ. ಕುರ್ಚಿಯಲ್ಲಿ ಕಣ್ಣು ಮುಚ್ಚಿ ಕುಳಿತು, ಟೇಕಾಫ್‌ನಿಂದ ಲ್ಯಾಂಡಿಂಗ್‌ವರೆಗಿನ ಪ್ರತಿ ಕೈಚಲನೆಯನ್ನೂ ಮನಸ್ಸಿನಲ್ಲೇ ಮಾಡುವ ಅಭ್ಯಾಸ ಇಬ್ಬರಿಗೂ ಅಷ್ಟೇ ಅಗತ್ಯ.

ಪದವಿಯ ವಿಷಯ ಮತ್ತೆ ಮುಖ್ಯವಾಗುವುದು ವರ್ಷಗಳ ನಂತರ, ವಿಮಾನಗಳನ್ನು ಹಾರಿಸಿ ಪರೀಕ್ಷಿಸುವ ಟೆಸ್ಟ್ ಪೈಲಟ್ ಆಗಬಯಸುವವರಿಗೆ. ಬೆಂಗಳೂರಿನಲ್ಲಿರುವ ಟೆಸ್ಟ್ ಪೈಲಟ್‌ಗಳ ಶಾಲೆಯಲ್ಲಿ ವಿಮಾನದ ವರ್ತನೆಯನ್ನು ಅಳೆದು, ಲೆಕ್ಕ ಹಾಕಿ, ವರದಿ ಬರೆಯಬೇಕಾಗುತ್ತದೆ. ಆದರೆ ಆ ಕೊರತೆಯನ್ನೂ ಆಗ ತುಂಬಿಕೊಳ್ಳಬಹುದು: 2025ರಲ್ಲಿ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣಕ್ಕೆ ಹೋಗಿಬಂದ ವಾಯುಪಡೆಯ ಟೆಸ್ಟ್ ಪೈಲಟ್ ಶುಭಾಂಶು ಶುಕ್ಲಾ ಎನ್‌ಡಿಎಯಲ್ಲಿ (ರಾಷ್ಟ್ರೀಯ ರಕ್ಷಣಾ ಅಕಾಡೆಮಿ) ಪಡೆದದ್ದು ಕಂಪ್ಯೂಟರ್ ಸೈನ್ಸ್ ಬಿಎಸ್ಸಿ, ಏರೋಸ್ಪೇಸ್ ಎಂಜಿನಿಯರಿಂಗ್ ಎಂಟೆಕ್ ಪದವಿಯನ್ನು ಅವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಓದಿದ್ದು ಫೈಟರ್ ಪೈಲಟ್ ಆದ ಮೇಲೆ.