ತ್ಸೆಚು: ಹೆಸರಲ್ಲೇ ತಿಥಿ ಇರುವ ಹಬ್ಬ

ಟಿಬೆಟನ್ ಭಾಷೆಯಲ್ಲಿ ‘ತ್ಸೆ’ ಅಂದರೆ ತಿಥಿ, ‘ಚು’ ಅಂದರೆ ಹತ್ತು. ನಮ್ಮ ಲೆಕ್ಕಕ್ಕೆ ಶುದ್ಧ ದಶಮಿ. ಟಿಬೆಟಿನಲ್ಲಿ ಬೌದ್ಧ ಧರ್ಮ ಬೇರೂರಿಸಿದ, ಗುರು ರಿಂಪೋಚೆ ಎಂದು ಪೂಜೆಗೊಳ್ಳುವ ಪದ್ಮಸಂಭವನ ದಿನವಿದು. ಗೊಂಪಾಗಳಲ್ಲಿ, ಅಂದರೆ ಬೌದ್ಧ ಮಠಗಳಲ್ಲಿ, ತಿಂಗಳು ತಿಂಗಳೂ ಪೂಜೆ ಇದ್ದೇ ಇರುತ್ತದೆ, ವರ್ಷಕ್ಕೊಮ್ಮೆ ಅದು ಊರಹಬ್ಬವಾಗುತ್ತದೆ. ಭೂತಾನದ ಪಾರೋ, ಥಿಂಫು ತ್ಸೆಚುಗಳು ಹೆಸರುವಾಸಿ. ಲಡಾಖಿನಲ್ಲಿ ಲೇಹ್‌ನಿಂದ ಸುಮಾರು 45 ಕಿ.ಮೀ. ದೂರದ ಹೆಮಿಸ್ ಗೊಂಪಾದ ಹಬ್ಬ ದೊಡ್ಡದು. ಟಿಬೆಟನ್ ಐದನೇ ತಿಂಗಳ 10 ಮತ್ತು 11ರಂದು ನಡೆಯುತ್ತದೆ.

ಹೊರಟವರು ಎಡವುವುದು ತಾರೀಖಿನಲ್ಲಿ. ಟಿಬೆಟನ್ ಪಂಚಾಂಗದಲ್ಲೂ ತಿಥಿ ಲೋಪವಾಗುತ್ತದೆ, ಎರಡು ಸಲವೂ ಬರುತ್ತದೆ. ಅಧಿಕ ಮಾಸವೂ ಉಂಟು, ಆದರೆ ನಮ್ಮದರ ಜತೆಗೇ ಬರಬೇಕೆಂದಿಲ್ಲ. ಹೆಮಿಸ್ ಹಬ್ಬ 2024ರಲ್ಲಿ ಜೂನ್ 16ಕ್ಕೆ, ನಮ್ಮ ಜ್ಯೇಷ್ಠ ಶುದ್ಧ ದಶಮಿಗೆ ಬಂತು. 2025ರಲ್ಲಿ ಜುಲೈ 5ಕ್ಕೆ, ಆಷಾಢ ಶುದ್ಧ ದಶಮಿಗೆ. ಹಾಗಾಗಿ ಹಿಂದಿನ ವರ್ಷದ ತಾರೀಖು ನಂಬಿ ಟಿಕೆಟ್ ಮಾಡಿಸಬೇಡಿ.

ಹಬ್ಬದ ಜೀವ ಇರುವುದು ‘ಛಾಮ್’ನಲ್ಲಿ, ಲಾಮಾಗಳ ಮುಖವಾಡದ ಕುಣಿತದಲ್ಲಿ. ಉದ್ದನೆಯ ತುತ್ತೂರಿಗಳು ಮೊಳಗಿ, ಕಂಚಿನ ತಾಳ, ನಗಾರಿ ಕೂಡಿಕೊಂಡ ಮೇಲೆ ಒಬ್ಬೊಬ್ಬರಾಗಿ ಅಂಗಳಕ್ಕಿಳಿಯುತ್ತಾರೆ. ಹೆಜ್ಜೆ ನಿಧಾನ. ಇದು ಲಾಮಾಗಳ ಧ್ಯಾನಸಾಧನೆಯ ಭಾಗ. ಮೊದಲ ಸಲ ನೋಡುವವರಿಗೆ ಬೇಸರ ಬಂದರೂ ಕಾಯಬೇಕು. ಗುರುವಿನ ಎಂಟು ರೂಪಗಳು ಮೆರವಣಿಗೆಯಲ್ಲಿ ಬರುವಾಗ ಜನ ಎದ್ದು ಕೈಮುಗಿಯುತ್ತಾರೆ. ಕರಿಟೊಪ್ಪಿಯ ಕುಣಿತದವರಿಗೆ ಮುಖವಾಡವಿಲ್ಲ. ಎರಡನೇ ದಿನ ಹಿಟ್ಟಿನ ಗೊಂಬೆಯೊಂದನ್ನು ಕತ್ತಿಯಿಂದ ಕಡಿದು ಚೆಲ್ಲುತ್ತಾರೆ. ಸಾಯುವುದು ‘ನಾನು’ ಎಂಬ ಹಮ್ಮು.

ಮುಖವಾಡ ತೊಟ್ಟವರಿಗೆ ಕಣ್ಣಿನ ಜಾಗದಿಂದ ಏನೂ ಕಾಣದು. ಬಾಯಿಯ ಅಥವಾ ಮೂಗಿನ ಕಿಂಡಿಯೇ ಗತಿ. ಫೋಟೊಗೆಂದು ಸುತ್ತಿನೊಳಗೆ ಕಾಲಿಟ್ಟರೆ ಡಿಕ್ಕಿ ಗ್ಯಾರಂಟಿ. ಲೇಹ್ ಸುಮಾರು 3,500 ಮೀಟರ್ ಎತ್ತರದಲ್ಲಿದೆ. ವಿಮಾನ ಇಳಿದ ಮೇಲೆ ಎರಡು ದಿನ ಸುಮ್ಮನೆ ವಿಶ್ರಾಂತಿ ಪಡೆಯದೆ ಹಬ್ಬಕ್ಕೆ ಓಡಿದವರು ತಲೆಸಿಡಿತ, ವಾಂತಿಯಲ್ಲಿ ಮೂಲೆ ಸೇರುತ್ತಾರೆ. ಅಂಗಳದಲ್ಲಿ ಬಿಸಿಲು ಚುರುಗುಟ್ಟುತ್ತದೆ, ನೆರಳಿಗೆ ಸರಿದರೆ ಚಳಿ. ಟೋಪಿಯೂ ಬೇಕು, ಸ್ವೆಟರೂ ಬೇಕು. ಬೆಳಿಗ್ಗೆ ಬೇಗ ಹೋದರೆ ಮುಂದಿನ ಸಾಲಲ್ಲಿ ನೆಲದ ಮೇಲೆ ಜಾಗ ಸಿಗುತ್ತದೆ.

ಗುರುವಿನ ಬೃಹತ್ ಥಂಕಾ, ಅಂದರೆ ಬಟ್ಟೆಯ ಮೇಲಿನ ಚಿತ್ರಪಟ, ನೋಡಬೇಕೆಂದರೆ ವರ್ಷ ಆರಿಸಿಕೊಳ್ಳಿ. ಹೆಮಿಸ್‌ನಲ್ಲಿ ಅದನ್ನು ಬಿಚ್ಚುವುದು 12 ವರ್ಷಕ್ಕೊಮ್ಮೆ, ಟಿಬೆಟನ್ ಪಂಚಾಂಗದಲ್ಲಿ ಕೋತಿಯ ಹೆಸರಿನ ವರ್ಷದಲ್ಲಿ. 2016ರಲ್ಲಿ ಬಿಚ್ಚಿದ್ದರು, ಇನ್ನು 2028ಕ್ಕೆ.